ಗೂಡಿನಿಂದ ಹೊರಬಾರದ ಕೋಳಿ

ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆಗೆಯುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಹಲಗೆ ಸರಿಸಿದೊಡನೆ ಮೊದಲು ಹುಂಜ, ಅದರ ಹಿಂದೆ ಹೇಂಟೆಗಳು ಒಂದನ್ನೊಂದು ತಳ್ಳಿಕೊಂಡು ಅಂಗಳಕ್ಕೆ ಹಾರುತ್ತವೆ. ಬಾಯಲ್ಲಿ ಬೆಳಗಿನ ಪ್ರಾರ್ಥನೆ, ಕೈಯಲ್ಲಿ ನುಚ್ಚಿನ ತಟ್ಟೆ, ಕಣ್ಣಲ್ಲಿ ಲೆಕ್ಕ. ಒಟ್ಟು ಹನ್ನೊಂದು. ಕಳೆದ ಮಳೆಗಾಲದ ಒಂದು ದಿನ ಲೆಕ್ಕ ಹತ್ತಕ್ಕೇ ನಿಂತಿತು. ಬಗ್ಗಿ ನೋಡಿದರೆ ಗೂಡಿನ ಮೂಲೆಯಲ್ಲಿ ಕೆಂಚಿ ಕುಳಿತಿದ್ದಳು. ಗರಿ ಕೆದರಿತ್ತು, ಕುತ್ತಿಗೆ ಮೈಯೊಳಗೆ ಸೇರಿತ್ತು, ಕಣ್ಣು ಅರ್ಧ ಮುಚ್ಚಿತ್ತು. ರೋಗ ಬಂದ ಕೋಳಿಯ ಹಾಗೆ ತೂಕಡಿಸುತ್ತಾನೆ ಎಂದು ಸೋಮಾರಿ ಹುಡುಗರನ್ನು ಬೈಯುತ್ತೇವಲ್ಲ, ಆ ತೂಕಡಿಕೆಯೇ ಅದು.

ಎತ್ತಿಕೊಂಡು ಹೊರಗೆ ತಂದೆ. ಹಗುರವಾಗಿದ್ದಳು, ಎದೆಯ ಮೂಳೆ ಕೈಗೆ ಚುಚ್ಚುತ್ತಿತ್ತು. ಕೆಂಪಾಗಿರಬೇಕಾದ ಜುಟ್ಟು ಬಿಳಚಿಕೊಂಡಿತ್ತು. ಅಷ್ಟರಲ್ಲಿ ಮನೆಮಂದಿಯೆಲ್ಲ ಜಗಲಿಗೆ ಬಂದರು. “ಇವತ್ತೇ ಕೊಯ್ದುಬಿಡೋಣ, ನಾಳೆ ಸತ್ತರೆ ಯಾರ ಬಾಯಿಗೂ ಇಲ್ಲ” ಎಂದರು ಮನೆಯವರು. ಕಾಲೇಜಿಗೆ ಹೋಗುವ ಮಗ “ಶುಕ್ರವಾರ ಸಂತೆ ಇದೆ, ಕೊಟ್ಟುಬಿಡೋಣ. ಮೊಟ್ಟೆಯೂ ಇಡದ ಕೋಳಿಗೆ ಯಾರು ಖರ್ಚು ಮಾಡುತ್ತಾರೆ?” ಎಂದ. ಏಳನೆಯ ತರಗತಿಯ ಮಗಳು “ದನದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ” ಎಂದು ಹಟ ಹಿಡಿದಳು. ಒಳಕೋಣೆಯಲ್ಲಿ ಎರಡು ವರ್ಷದಿಂದ ಹಾಸಿಗೆ ಹಿಡಿದಿರುವ ನಮ್ಮ ಅತ್ತೆಯ ದನಿ ಕೊನೆಗೆ ಕೇಳಿಸಿತು: “ಅದಕ್ಕೆ ನೀರು ಕುಡಿಸಿದಿರೇನಮ್ಮಾ?”

ನಾವು ಯಾರೂ ಕುಡಿಸಿರಲಿಲ್ಲ.

ಪ್ರಿಯ ಓದುಗರೇ, ಕೋಳಿ ಸಾಕುವ ಯಾವ ಮನೆಯಲ್ಲೂ ನಡೆಯಬಹುದಾದ ಮಾತುಕತೆ ಇದು. ಕೊಯ್ಯುವುದೋ, ಮಾರುವುದೋ, ಔಷಧಿ ಮಾಡುವುದೋ ಎಂಬುದು ಮೇಲ್ನೋಟಕ್ಕೆ ಲಾಭನಷ್ಟದ ಪ್ರಶ್ನೆ. ಆದರೆ ಆ ದಿನದಿಂದ ಅದು ನನ್ನನ್ನು ಬೇರೆ ರೀತಿಯಲ್ಲಿ ಕಾಡತೊಡಗಿತು. ಇವತ್ತಲ್ಲ ನಾಳೆ ನಾವೇ ಕೊಯ್ದು ತಿನ್ನುವ ಪ್ರಾಣಿಗೆ ನಮ್ಮಿಂದ ಸಲ್ಲಬೇಕಾದದ್ದು ಏನಾದರೂ ಇದೆಯೇ? ಇದ್ದರೆ ಎಷ್ಟು? ಎಲ್ಲಿಗೆ ಮುಗಿಯುತ್ತದೆ?

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ನಮ್ಮ ಗಾದೆ ಕೇಳುತ್ತದೆ. ಇಲ್ಲ, ಅರೆಯುವುದಿಲ್ಲ. ಹಬ್ಬಕ್ಕೆ ಕೋಳಿ ಕೊಯ್ಯುವ ಮನೆಯವಳಾದ ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಸಾಲೆಯ ಹಕ್ಕು ಒಂದು, ಅದುವರೆಗಿನ ಬದುಕಿನ ಹೊಣೆ ಇನ್ನೊಂದು. ಆಹಾರಕ್ಕಾಗಿ ಪ್ರಾಣ ತೆಗೆಯಬಹುದು ಎಂಬುದರಿಂದ, ಬದುಕಿರುವಷ್ಟು ದಿನ ಹೇಗೆ ಬೇಕಾದರೂ ನೋಡಿಕೊಳ್ಳಬಹುದು ಎಂದಾಗುವುದಿಲ್ಲ. ಕೂಲಿಯವನು ಸಂಜೆ ಮನೆಗೆ ಹೋಗುವವನೇ ಎಂದು ಮಧ್ಯಾಹ್ನದ ಊಟ ತಪ್ಪಿಸುತ್ತೇವೆಯೇ?

ಒಂದು ಹೇಂಟೆ ನಮಗೆ ಕೊಡುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅದರ ಒಡಲಲ್ಲಿ ಒಂದು ಮೊಟ್ಟೆ ರೂಪುಗೊಳ್ಳಲು ಸುಮಾರು 25 ಗಂಟೆ ಬೇಕು. ಮೊಟ್ಟೆಯ ಚಿಪ್ಪು ಬಹುಪಾಲು ಸುಣ್ಣದ ಅಂಶದಿಂದಲೇ ಆದದ್ದು. ತಿನ್ನುವ ಆಹಾರದಲ್ಲಿ ಅದು ಸಾಲದಿದ್ದರೆ ಕೋಳಿ ತನ್ನ ಮೂಳೆಗಳಿಂದ ಸುಣ್ಣ ಕರಗಿಸಿ ಚಿಪ್ಪಿಗೆ ಕೊಡುತ್ತದೆ. ಕಾವಿಗೆ ಕುಳಿತರೆ 21 ದಿನ, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಮೇವು ನೀರಿಗೆ ಎದ್ದು ಬಂದು ಮತ್ತೆ ಮೊಟ್ಟೆಗಳ ಮೇಲೆ ಕೂರುತ್ತದೆ. ನಮ್ಮ ಮಕ್ಕಳ ಬೆಳಗಿನ ತಟ್ಟೆಗೆ ಬಂದದ್ದು ಒಂದು ಜೀವದ ಮೂಳೆಯ ಸಾರ ಎಂದು ತಿಳಿದ ಮೇಲೆ, ಕಾಯಿಲೆ ಬಿದ್ದಾಗ ಒಂದು ಬಟ್ಟಲು ನೀರು ಕೊಡುವುದನ್ನು ದಾನವೆಂದು ಕರೆಯಲು ನನಗೆ ನಾಚಿಕೆಯಾಗುತ್ತದೆ. ಅದು ಸಾಲದ ಬಡ್ಡಿಯೂ ಅಲ್ಲ.

ಮೊದಲ ಹೊಣೆ ಗಮನಿಸುವುದು. ಇದು ಔಷಧಿಗಿಂತ ಮೊದಲಿನದು, ಖರ್ಚಿಲ್ಲದ್ದು, ಆದ್ದರಿಂದಲೇ ನಾವು ಸುಲಭವಾಗಿ ತಪ್ಪಿಸಿಕೊಳ್ಳುವಂಥದ್ದು. ಕೋಳಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ದುರ್ಬಲವಾಗಿ ಕಂಡರೆ ಹದ್ದು, ನಾಯಿ, ಮುಂಗುಸಿಗಳ ಕಣ್ಣಿಗೆ ಬೀಳುವ ಭಯ ಒಂದು ಕಡೆ. ತನ್ನದೇ ಗುಂಪಿನ ಕೊಕ್ಕಿನ ಭಯ ಇನ್ನೊಂದು ಕಡೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲುಕೀಳಿನ ಕ್ರಮ ಇರುವುದನ್ನು 1920ರ ದಶಕದ ಆರಂಭದಲ್ಲಿ ವಿವರಿಸಿದವರು ನಾರ್ವೆಯ ಥಾರ್ಲೀಫ್ ಶೆಲ್ಡರಪ್-ಎಬ್ಬೆ ಎಂಬ ವಿಜ್ಞಾನಿ. ನಮ್ಮ ಅಜ್ಜಿಯರು ಅದನ್ನು ಅಂಗಳದಲ್ಲೇ ಕಂಡಿದ್ದರು. ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುವುದು ಕೋಳಿಗೂಡಿನಲ್ಲಿಯೂ ನಿಜ. ಸೊರಗಿದ ಕೋಳಿಯನ್ನು ಉಳಿದವು ಕುಕ್ಕುತ್ತವೆ, ಮೇವಿನಿಂದ ದೂರ ಅಟ್ಟುತ್ತವೆ. ಆದ್ದರಿಂದ ಅದು ಶಕ್ತಿ ಇರುವಷ್ಟು ಹೊತ್ತು ಚೆನ್ನಾಗಿರುವಂತೆ ನಟಿಸುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಎಷ್ಟೋ ದೂರ ಹೋಗಿರುತ್ತದೆ.

ಇದನ್ನು ಬರೆಯುವಾಗ ನನ್ನ ತಪ್ಪನ್ನೂ ಹೇಳಬೇಕು. ಕೆಂಚಿ ಗೂಡಿನಲ್ಲೇ ಉಳಿದ ದಿನಕ್ಕೆ ಒಂದು ವಾರ ಮೊದಲಿನಿಂದಲೇ ಅವಳು ಮೇವಿಗೆ ಕೊನೆಯವಳಾಗಿ ಬರುತ್ತಿದ್ದಳು. ನಾನು ಅದನ್ನು ಕಂಡಿದ್ದೆ, ಆದರೆ ನೋಡಿರಲಿಲ್ಲ. ಹನ್ನೊಂದು ಎಂಬ ಸಂಖ್ಯೆ ಸರಿಯಾಗಿದ್ದುದರಿಂದ ಒಂದೊಂದರ ಮುಖ ನೋಡುವ ಕಷ್ಟ ತೆಗೆದುಕೊಂಡಿರಲಿಲ್ಲ. ಲೆಕ್ಕ ಸರಿಯಿದ್ದರೆ ಎಲ್ಲವೂ ಸರಿ ಎಂದುಕೊಳ್ಳುವ ಈ ಅಭ್ಯಾಸ ಊಟದ ಪಂಕ್ತಿಯಲ್ಲಿ ನಮ್ಮ ಮಕ್ಕಳ ವಿಷಯದಲ್ಲಿಯೂ ನಮಗಿಲ್ಲವೇ?

ಮೊದಲ ದಿನ ಮಾಡಬೇಕಾದದ್ದು ಹೆಚ್ಚೇನಿಲ್ಲ. ಕಾಯಿಲೆಯ ಕೋಳಿಯನ್ನು ಗುಂಪಿನಿಂದ ಬೇರ್ಪಡಿಸಬೇಕು. ಇದು ಅದರ ರಕ್ಷಣೆಗೂ ಹೌದು, ಉಳಿದವುಗಳ ರಕ್ಷಣೆಗೂ ಹೌದು. ಗಾಳಿ ಬಡಿಯದ ಬೆಚ್ಚನೆಯ ಜಾಗ, ಒಣ ಹುಲ್ಲಿನ ಹಾಸು, ಕೊಕ್ಕಿಗೆ ಎಟುಕುವಲ್ಲಿ ಶುದ್ಧ ನೀರು, ಮೆತ್ತಗಿನ ಅನ್ನ. ಮೈ ಮುಟ್ಟಿ ಜ್ವರ ಎಂದು ತೀರ್ಮಾನಿಸಬಾರದು. ಆರೋಗ್ಯವಂತ ಕೋಳಿಯ ಮೈಶಾಖವೇ 41ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ, ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಹಿಕ್ಕೆಯ ಬಣ್ಣ, ಉಸಿರಾಟದ ಸದ್ದು, ಕತ್ತಿನ ಕೆಳಗಿನ ಮೇವುಚೀಲ ಗಟ್ಟಿಯೋ ಖಾಲಿಯೋ ಎಂಬುದನ್ನು ನೋಡಿಟ್ಟುಕೊಂಡು ಪಶುವೈದ್ಯರಿಗೆ ಹೇಳಿದರೆ ಅವರ ಕೆಲಸ ಅರ್ಧ ಹಗುರ. ಅದನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಉಳಿದ ಕೋಳಿಗಳ ಬಳಿಗೂ ಅಡುಗೆಮನೆಗೂ ಹೋಗಬಾರದು.

ಈಗ ಖರ್ಚಿನ ಪ್ರಶ್ನೆ. ನಮ್ಮೂರಿನಿಂದ ಪಶುವೈದ್ಯರಿರುವಲ್ಲಿಗೆ ಆಟೋದಲ್ಲಿ ಹೋಗಿಬರುವ ಬಾಡಿಗೆಯೇ ಒಂದು ಕೋಳಿಯ ಬೆಲೆಯನ್ನು ಮುಟ್ಟುತ್ತದೆ. ಮಗ ಕೇಳಿದ್ದು ಅನ್ಯಾಯದ ಪ್ರಶ್ನೆಯಲ್ಲ. 1992ರಲ್ಲಿ ಪ್ರಕಟವಾದ ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಎರಡು ಮಾತುಗಳನ್ನು ಒಟ್ಟಿಗೇ ಹೇಳುತ್ತದೆ. ಪ್ರಾಣಿಗಳನ್ನು ಅನಗತ್ಯವಾಗಿ ನೋಯಿಸುವುದು ಮಾನವ ಘನತೆಗೆ ತಕ್ಕದ್ದಲ್ಲ ಎಂಬುದು ಒಂದು. ಮನುಷ್ಯರ ಕಷ್ಟ ನಿವಾರಣೆಗೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎಂಬುದು ಇನ್ನೊಂದು. ಹಲವರು ತಮಗೆ ಬೇಕಾದ ಅರ್ಧವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅತ್ತೆಯ ಮಾತ್ರೆಗೆ ಇಟ್ಟ ಹಣದಲ್ಲಿ ಕೋಳಿಗೆ ಔಷಧಿ ತಂದರೆ ಅದು ದಯೆಯಲ್ಲ, ದಯೆಯ ವೇಷ ತೊಟ್ಟ ಮರೆವು. ಆದರೆ ಎರಡನೆಯ ಮಾತನ್ನು ಗುರಾಣಿ ಮಾಡಿಕೊಂಡು ಮೊದಲನೆಯದನ್ನು ತಪ್ಪಿಸಿಕೊಳ್ಳುವವರೂ ಇದ್ದಾರೆ. ಕೋಳಿಗೆ ಖರ್ಚು ಮಾಡದೆ ಉಳಿಸಿದ ಇನ್ನೂರು ರೂಪಾಯಿ ನೆರೆಮನೆಯ ಬಡವರಿಗೆ ಹೋಗುತ್ತದೆಯೇ? ನಮ್ಮ ಮನೆಯಲ್ಲಂತೂ ಹಾಗೆ ಹೋದ ನೆನಪಿಲ್ಲ.

ಆಲೋಚಿಸಿ ನೋಡಿದರೆ, ಕಾಯಿಲೆಯ ಕೋಳಿ ನಮ್ಮಿಂದ ಕೇಳುವುದರಲ್ಲಿ ಹಣದ ಭಾಗ ಕಡಿಮೆ. ಅದು ಕೇಳುವುದು ಹೊತ್ತು, ಬೆಚ್ಚನೆಯ ಮೂಲೆ, ನೀರು, ದಿನಕ್ಕೆ ಮೂರು ಸಲ ಬಗ್ಗಿ ನೋಡುವ ತಾಳ್ಮೆ. ಇವನ್ನು ಕೊಟ್ಟರೆ ಯಾವ ಬಡವನ ತುತ್ತೂ ಕಡಿಮೆಯಾಗುವುದಿಲ್ಲ. ಬಸ್ಸು ಹತ್ತಬೇಕೋ ಬೇಡವೋ ಎಂಬುದನ್ನು ಆಯಾ ಮನೆಯ ಶಕ್ತಿ ನಿರ್ಧರಿಸಲಿ. ಬಗ್ಗಿ ನೋಡುವುದಕ್ಕೆ ಶಕ್ತಿ ಇಲ್ಲ ಎನ್ನುವಂತಿಲ್ಲ.

ಇನ್ನು ಮಾರುವ ಮಾತು. ಮಗ ಸಂತೆಯ ಹೆಸರೆತ್ತಿದಾಗ ನಾನು ಬೈಯಲಿಲ್ಲ, ಬೈಯುವ ಅರ್ಹತೆ ನನಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಅಂದರೆ ಇಪ್ಪತ್ತು ವರ್ಷಗಳಿಗೂ ಹಿಂದೆ, ನಮ್ಮ ಗೂಡಿನಲ್ಲಿ ಎರಡು ಕೋಳಿಗಳು ಹೀಗೆಯೇ ತೂಕಡಿಸತೊಡಗಿದವು. ಹಸಿರು ಮಿಶ್ರಿತ ಹಿಕ್ಕೆ, ಗೊರಗೊರ ಉಸಿರು. ಕೊಕ್ಕರೆ ರೋಗವೆಂದು ನಮ್ಮ ಕಡೆ ಕರೆಯುವ, ರಾಣಿಖೇತ್ ಎಂದು ಪುಸ್ತಕಗಳಲ್ಲಿ ಬರೆಯುವ ಕಾಯಿಲೆ ಅದು. ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಲ್ಲಿ 1920ರ ದಶಕದ ಕೊನೆಯಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು. ಅದಕ್ಕೆ ಲಸಿಕೆ ಇದೆ, ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ. ಹಿಕ್ಕೆ, ಸಿಂಬಳ, ನೀರಿನ ಬಟ್ಟಲು, ಮನುಷ್ಯರ ಕೈಕಾಲು, ಇವುಗಳ ಮೂಲಕ ಒಂದು ಗೂಡಿನಿಂದ ಇನ್ನೊಂದಕ್ಕೆ ಹರಡುತ್ತದೆ. ಇಷ್ಟೆಲ್ಲ ನನಗೆ ಆಗ ತಿಳಿದಿರಲಿಲ್ಲ. ಆದರೆ ಅವು ಬದುಕುವುದಿಲ್ಲವೆಂಬುದು ತಿಳಿದಿತ್ತು. ಕೊಕ್ಕು ಒರೆಸಿ, ಗರಿ ನೇವರಿಸಿ, ಕಾಲು ಕಟ್ಟಿ ಸಂತೆಗೆ ಒಯ್ದೆ. ಕೂಲಿ ಮಾಡುವ ಒಬ್ಬ ಹೆಂಗಸು ಎರಡನ್ನೂ ಕೊಂಡಳು.

ಮೂರು ವಾರದ ನಂತರ ಅದೇ ಸಂತೆಯಲ್ಲಿ ಅವಳು ಸಿಕ್ಕಿದಳು. ಜಗಳವಾಡಲಿಲ್ಲ. “ನಿಮ್ಮ ಎರಡೂ ಹೋದವು ಅಕ್ಕ, ನನ್ನವು ಏಳಿದ್ದವು, ಅವೂ ಹೋದವು. ನನ್ನ ಹಣೆಬರಹ” ಎಂದಳು. ನಾನು ಅಯ್ಯೋ ಎಂದೆ. ಅಷ್ಟೇ ಅಂದದ್ದು.

ಆ ವರ್ಷದ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದಾಗ, ಉಳಿದ ಪಾಪಗಳ ನಡುವೆ ಇದನ್ನೂ ಸೇರಿಸಿ ಬೇಗಬೇಗ ಹೇಳಿಬಿಟ್ಟೆ. ವಯಸ್ಸಾದ ಗುರುಗಳು ತಡೆದು ಕೇಳಿದರು: “ಎಷ್ಟು ಕೋಳಿ?” “ಏಳು, ಸ್ವಾಮಿ.” “ಹಾಗಾದರೆ ಏಳು.” ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಪಾಪಕ್ಷಮೆ ನೀಡಿದರು. ಆದರೆ ಕ್ಷಮೆ ದೇವರಿಂದ ಬರುತ್ತದೆ, ಕೋಳಿಗಳು ನಿನ್ನಿಂದ ಹೋಗಬೇಕು ಎಂದರು. ಹಣ ಕೂಡಿಸಲು ಕಾಫಿ ಕೊಯ್ಲಿನವರೆಗೆ ಕಾಯಬೇಕಾಯಿತು. ಲಸಿಕೆ ಹಾಕಿಸಿದ ಏಳು ಪಡ್ಡೆ ಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು ಅವಳ ಮನೆ ಹುಡುಕಿಕೊಂಡು ಹೋದೆ. ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆರನ್ನು ಇಳಿಸಿಕೊಂಡು ಒಂದನ್ನು ಬುಟ್ಟಿಯಲ್ಲೇ ಬಿಟ್ಟಳು. “ಅವು ತೂಕಡಿಸುತ್ತಿದ್ದದ್ದನ್ನು ನಾನೂ ನೋಡಿದ್ದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ತೆಗೆದುಕೊಂಡೆ. ಒಂದು ನನ್ನ ಪಾಲಿನದು” ಎಂದಳು. ನ್ಯಾಯ ಎಂಬುದನ್ನು ನಾನು ಕಲಿತದ್ದು ಆ ಅಂಗಳದಲ್ಲಿ, ಒಂದು ಸಾಲೂ ಓದಲು ಬಾರದ ಹೆಂಗಸಿನಿಂದ.

ಈ ಕಥೆಯನ್ನು ಮಗನಿಗೆ ಅದುವರೆಗೆ ಹೇಳಿರಲಿಲ್ಲ. ಆ ಬೆಳಿಗ್ಗೆ ಹೇಳಿದೆ. ಅವನು ಸಂತೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಕೊಯ್ದು ತಿನ್ನುವ ಮಾತಿಗೂ ಇದೇ ನ್ಯಾಯ. ಕಾಯಿಲೆ ಏನೆಂದು ತಿಳಿಯದ ಕೋಳಿಯನ್ನು ಅವಸರದಲ್ಲಿ ಕೊಯ್ದು ಮಕ್ಕಳಿಗೂ ನೆಂಟರಿಗೂ ಬಡಿಸುವುದು ಮಿತವ್ಯಯವಲ್ಲ. ಔಷಧಿ ಕೊಟ್ಟ ಕೋಳಿಯ ಮಾಂಸವನ್ನಾಗಲಿ ಮೊಟ್ಟೆಯನ್ನಾಗಲಿ ವೈದ್ಯರು ಹೇಳಿದಷ್ಟು ದಿನ ತಿನ್ನಬಾರದು, ಮಾರಬಾರದು. ಒಂದೇ ಸಲ ಹಲವು ಕೋಳಿಗಳು ಸಾಯತೊಡಗಿದರೆ ಮುಚ್ಚಿಡದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಆ ಕಾಯಿಲೆ ಮನುಷ್ಯರಿಗೂ ತಗಲಬಲ್ಲದು. ಸತ್ತ ಕೋಳಿಯನ್ನು ರಾತ್ರಿ ಹಳ್ಳಕ್ಕೆ ಎಸೆದು ಬರುವವನು ತನ್ನ ನಷ್ಟವನ್ನು ಊರಿಗೆಲ್ಲ ಹಂಚುತ್ತಾನೆ. ನಾನು ಸಂತೆಯಲ್ಲಿ ಮಾಡಿದ್ದೂ ಅದೇ.

ಹಾಗಾದರೆ ಕಾಯಿಲೆಯ ಕೋಳಿಯನ್ನು ಎಂದೂ ಕೊಲ್ಲಬಾರದೇ? ಹಾಗಲ್ಲ. ಗುಣವಾಗುವುದಿಲ್ಲವೆಂದು ವೈದ್ಯರೇ ಹೇಳಿದ ಮೇಲೆ, ಕತ್ತು ತಿರುಚಿಕೊಂಡು ಒದ್ದಾಡುವ ಜೀವವನ್ನು ದಿನಗಟ್ಟಲೆ ನೋಡುತ್ತಾ ಕೂರುವುದು ಕರುಣೆಯಲ್ಲ. ಪಳಗಿದ ಕೈಯಿಂದ, ತಡವಿಲ್ಲದೆ ಅದರ ನೋವನ್ನು ಮುಗಿಸುವುದೂ ಆರೈಕೆಯ ಕೊನೆಯ ಭಾಗವೇ.

ಇಲ್ಲಿ ಒಂದು ಎಚ್ಚರ ಬೇಕು. ಕೋಳಿಯ ವಿಷಯದಲ್ಲಿ ಸರಿಯಾದ ಮಾತು ಮನುಷ್ಯನ ವಿಷಯದಲ್ಲಿ ಸರಿಯಲ್ಲ. ಮಗ “ಮೊಟ್ಟೆಯೂ ಇಡದ ಕೋಳಿಗೆ ಖರ್ಚು ಯಾಕೆ” ಎಂದಾಗ ಒಳಕೋಣೆಯಲ್ಲಿ ಒಬ್ಬರು ಮಲಗಿದ್ದರು. ಅವನ ಮನಸ್ಸಿನಲ್ಲಿ ಅಜ್ಜಿ ಇರಲಿಲ್ಲ, ನನಗೆ ಗೊತ್ತು. ಆದರೆ ಗೋಡೆಯ ಆಚೆಯಿಂದ ಕೇಳುವವರಿಗೆ ಮಾತು ಹೇಗೆ ಕೇಳಿಸುತ್ತದೆ? ಯಾವುದು ಉಪಯೋಗಕ್ಕೆ ಬರುತ್ತದೋ ಅದಕ್ಕೆ ಮಾತ್ರ ಅನ್ನ ಎಂಬ ಲೆಕ್ಕ ಕೋಳಿಗೂಡಿನಲ್ಲಿ ಹುಟ್ಟಿ ಅಲ್ಲೇ ಉಳಿಯುವುದಿಲ್ಲ. ಅದು ಜಗಲಿಗೆ ಬರುತ್ತದೆ, ನಡುಮನೆಗೆ ಬರುತ್ತದೆ, ಒಂದು ದಿನ ಒಳಕೋಣೆಯ ಬಾಗಿಲಿಗೂ ಬರುತ್ತದೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ಪ್ರತಿಯೊಂದು ಜೀವಿಗೂ ನಮ್ಮ ಉಪಯೋಗದ ಆಚೆಗೆ ತನ್ನದೇ ಬೆಲೆ ಇದೆ ಎಂದು ನೆನಪಿಸಿದರು. ಉಪಯೋಗದ ಅಳತೆಗೋಲು ಕೋಳಿಗೇ ಪೂರ್ತಿ ಸಾಲದು ಎಂದ ಮೇಲೆ, ದೇವರ ಪ್ರತಿರೂಪವಾದ ಮನುಷ್ಯನಿಗೆ ಅದನ್ನು ಹಿಡಿಯಲೇಬಾರದು. ನೋವಿನಲ್ಲಿರುವ ಕೋಳಿಗೆ ಆ ಕ್ಷಣದ ನೋವಷ್ಟೇ ಇದೆ ಎಂದು ನನಗೆ ಅನ್ನಿಸುತ್ತದೆ. ನೋವಿನಲ್ಲಿರುವ ಮನುಷ್ಯ ಪ್ರಾರ್ಥಿಸುತ್ತಾನೆ, ಕ್ಷಮಿಸುತ್ತಾನೆ, ಹಾಸಿಗೆಯಿಂದಲೇ ಇನ್ನೊಬ್ಬರ ಬಾಯಾರಿಕೆಯನ್ನು ವಿಚಾರಿಸುತ್ತಾನೆ. ಒಂದು ಪಕ್ಷ ಇವು ಯಾವುದೂ ಅವನಿಂದ ಆಗದೆ ಹೋದರೂ ಅವನ ಜೀವ ನಮ್ಮ ಕೈಯಲ್ಲಿಲ್ಲ. ಅಲ್ಲಿ ಆರೈಕೆಗೆ ಕೊನೆಯ ದಿನವನ್ನು ನಾವು ಬರೆಯುವಂತಿಲ್ಲ.

ಪವಿತ್ರ ಗ್ರಂಥ ಈ ಎರಡು ಮಾತುಗಳನ್ನೂ ಜೊತೆಯಲ್ಲೇ ಇಡುತ್ತದೆ. ಗೂಡಿನಲ್ಲಿ ಮರಿಗಳೊಡನೆ ತಾಯಿಹಕ್ಕಿ ಸಿಕ್ಕಿದರೆ ಮರಿಗಳನ್ನು ತೆಗೆದುಕೊಂಡರೂ ತಾಯಿಯನ್ನು ಬಿಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಸಜ್ಜನನು ತನ್ನ ದನಕರುಗಳ ಜೀವದ ಪರಿವೆ ಇಟ್ಟುಕೊಳ್ಳುತ್ತಾನೆಂದು ಜ್ಞಾನೋಕ್ತಿಗಳು ಹೇಳುತ್ತವೆ. ಗುಬ್ಬಚ್ಚಿಗಳ ಬೆಲೆಯನ್ನು ಗಮನಿಸಿದ್ದೀರಾ? ಮತ್ತಾಯನ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು, ಲೂಕನ ಶುಭಸಂದೇಶದಲ್ಲಿ ಎರಡು ಕಾಸಿಗೆ ಐದು. ಅಂದರೆ ಐದನೆಯದು ಸುಮ್ಮನೆ ಕೊಸರಿಗೆ ಬಂದದ್ದು, ಸಂತೆಯ ಲೆಕ್ಕದಲ್ಲಿ ಬೆಲೆಯೇ ಇಲ್ಲದ್ದು. ಆ ಐದನೆಯದನ್ನೂ ದೇವರು ಮರೆತಿಲ್ಲವೆಂದು ಯೇಸು ಹೇಳುತ್ತಾರೆ. ಅದೇ ಉಸಿರಿನಲ್ಲಿ, ನೀವು ಎಷ್ಟೋ ಗುಬ್ಬಚ್ಚಿಗಳಿಗಿಂತ ಮೇಲಾದವರು ಎಂದೂ ಹೇಳುತ್ತಾರೆ. ಒಂದು ಮಾತು ಇನ್ನೊಂದನ್ನು ಅಳಿಸುವುದಿಲ್ಲ. ಜೆರುಸಲೇಮಿಗಾಗಿ ಕಣ್ಣೀರಿಟ್ಟ ಪ್ರಭು ತಮ್ಮ ಪ್ರೀತಿಗೆ ಹೋಲಿಕೆ ಹುಡುಕಿದಾಗ ಆಕಾಶದ ಗರುಡನನ್ನು ಕರೆಯಲಿಲ್ಲ, ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಅಂಗಳದ ಕೋಳಿಯನ್ನು ಕರೆದರು. ನಜರೇತಿನ ಮನೆಗಳ ಸುತ್ತಮುತ್ತ ಅಂಥದ್ದನ್ನು ಅವರು ಬಗ್ಗಿ ನೋಡಿದ್ದಿರಬೇಕು.

ಕೆಂಚಿಯ ಕಥೆಯನ್ನು ಮುಗಿಸುತ್ತೇನೆ. ಮನೆಯವರು ಗೊಣಗುತ್ತಲೇ ಬೈಕು ತೆಗೆದರು. ಮಗಳು ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಕೆಂಚಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಳು. ಕೋಳಿಯನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿ ಒಯ್ಯುವುದು ನಮ್ಮ ಕಡೆಯ ವಾಡಿಕೆ. ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂದು ಮಗಳು ಶಾಲೆಯಲ್ಲಿ ಕಲಿತಿದ್ದಳು. ಪಶುವೈದ್ಯರು ನೋಡಿ, ಹೊಟ್ಟೆಯಲ್ಲಿ ಜಂತುಹುಳು ತುಂಬಿದೆ, ರಕ್ತ ಬತ್ತಿದೆ, ತಡವಾಗಿ ತಂದಿದ್ದೀರಿ, ಪ್ರಯತ್ನ ಮಾಡೋಣ ಎಂದರು. ಉಳಿದ ಹತ್ತಕ್ಕೂ ಹುಳುವಿನ ಔಷಧಿ ಕೊಟ್ಟರು, ಗೂಡಿನ ಹಾಸು ಬದಲಿಸಿ ನೆಲಕ್ಕೆ ಸುಣ್ಣ ಹಾಕಲು ಹೇಳಿದರು, ಲಸಿಕೆಯ ದಿನ ಗೊತ್ತುಮಾಡಿದರು.

ನಾಲ್ಕು ದಿನ ಕೆಂಚಿ ಅತ್ತೆಯ ಕೋಣೆಯ ಕಿಟಕಿಯ ಹೊರಗೆ ಇಳಿಮಾಡಿನ ಕೆಳಗೆ ಬುಟ್ಟಿಯಲ್ಲಿದ್ದಳು. ಮಗಳು ಶಾಲೆಗೆ ಹೋಗುವ ಮೊದಲು ಚಮಚದಲ್ಲಿ ನೀರು, ಬಂದ ಮೇಲೆ ಅನ್ನದ ಗಂಜಿ. ಹಗಲೆಲ್ಲ ಕಾವಲು ಅತ್ತೆಯದು. ಕಿಟಕಿಯಿಂದ ನೋಡುತ್ತಾ “ಈಗ ಕಣ್ಣು ಬಿಟ್ಟಳು”, “ಈಗ ಗರಿ ಸರಿಮಾಡಿಕೊಂಡಳು” ಎಂದು ಕೂಗಿ ಹೇಳುತ್ತಿದ್ದರು. ಎರಡು ವರ್ಷದಲ್ಲಿ ಅವರು ಯಾರಿಗೋ ಕಾವಲಿದ್ದದ್ದು ಅದೇ ಮೊದಲು. ಮೂರನೆಯ ದಿನ ಕೆಂಚಿ ಎದ್ದು ನಿಂತು ನಾಲ್ಕು ಕಾಳು ಹೆಕ್ಕಿದಳು, ಮನೆಯಲ್ಲಿ ಹಬ್ಬದಂತಾಯಿತು. ಐದನೆಯ ರಾತ್ರಿ ಸತ್ತಳು.

ಹಿತ್ತಲಿನ ತುದಿಯಲ್ಲಿ, ಬಾವಿಯಿಂದ ದೂರ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಮಗಳು ಕೇಳಿದಳು: “ಅಮ್ಮಾ, ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಯಿತಲ್ಲ?”

ಉಳಿದ ಹತ್ತು ಬದುಕಿಕೊಂಡವು ಎಂದು ಹೇಳಬಹುದಿತ್ತು, ಅದು ನಿಜವೂ ಹೌದು. ಆದರೆ ಅವಳು ಕೇಳಿದ್ದು ಹತ್ತರ ಬಗ್ಗೆ ಅಲ್ಲ, ಒಂದರ ಬಗ್ಗೆ. ಆದ್ದರಿಂದ ಹೀಗೆಂದೆ: ಗುಣವಾಗುವುದು ನಮ್ಮ ಕೈಯಲ್ಲಿರಲಿಲ್ಲ, ನೀರು ಕುಡಿಸುವುದು ನಮ್ಮ ಕೈಯಲ್ಲಿತ್ತು. ಬಾಯಾರಿದಾಗ ಅವಳಿಗೆ ನೀರು ಸಿಕ್ಕಿತು. ಅಷ್ಟು ಹೊತ್ತಿನ ಮಟ್ಟಿಗೆ ಅದು ಪೂರ್ತಿ ಕೆಲಸ, ಅರ್ಧ ಕೆಲಸವಲ್ಲ. ಅವಳಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯದು. ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಇಂದಿಗೂ ಹೊಳೆದಿಲ್ಲ.

ಮರುದಿನ ನಾನು ಏಳುವ ಮೊದಲೇ ಹಿತ್ತಲಿನಲ್ಲಿ ಸದ್ದು ಕೇಳಿಸಿತು. ಅವತ್ತೇ ಕೊಯ್ದುಬಿಡೋಣ ಎಂದಿದ್ದ ಮನೆಯವರು ಲುಂಗಿ ಎತ್ತಿ ಕಟ್ಟಿಕೊಂಡು ಕೋಳಿಗೂಡಿನ ಎದುರು ಕುಕ್ಕರಗಾಲಲ್ಲಿ ಕುಳಿತಿದ್ದರು. ಹಲಗೆ ಸರಿಸಿ, ಒಂದೊಂದನ್ನೂ ಕೈಗೆತ್ತಿಕೊಂಡು ಜುಟ್ಟು ನೋಡಿ, ಎದೆಮೂಳೆ ಮುಟ್ಟಿ ಕೆಳಗೆ ಬಿಡುತ್ತಿದ್ದರು. ನನ್ನನ್ನು ಕಂಡು ಸ್ವಲ್ಪ ಸಂಕೋಚದಿಂದ “ಹತ್ತು ಇವೆ” ಎಂದರು.